ನಾಲ್ಕುನೂರು ವರ್ಷಗಳ ಲೆಕ್ಕ: ತೈವಾನ್ ರಾಷ್ಟ್ರೀಯವಾದದ ಇತಿಹಾಸ ರಚನೆ

ಟೋಕಿಯೋದ ಇಕೆಬುಕುರೊದಲ್ಲಿ ಒಂದು ನೂಡಲ್ಸ್ ಅಂಗಡಿ. ಕೆಳಗೆ ಅಡುಗೆ, ಮೇಲೆ ಇತಿಹಾಸ ಬರವಣಿಗೆ. ಯಜಮಾನ ಸು ಬೆಂಗ್, ತೈವಾನನ್ನು ಆಳುತ್ತಿದ್ದ ಚಿಯಾಂಗ್ ಕೈ-ಶೆಕ್‌ನನ್ನು ಕೊಲ್ಲುವ ಸಂಚು ಬಯಲಾದ ಮೇಲೆ 1952ರಲ್ಲಿ ಬಾಳೆಹಣ್ಣಿನ ಹಡಗಿನಲ್ಲಿ ಅವಿತು ಜಪಾನ್ ಸೇರಿದವರು. ಅವರ 'ತೈವಾನಿಗರ ನಾಲ್ಕುನೂರು ವರ್ಷಗಳ ಇತಿಹಾಸ' 1962ರಲ್ಲಿ ಪ್ರಕಟವಾಯಿತು, ಅದೂ ಜಪಾನಿ ಭಾಷೆಯಲ್ಲಿ. ಆಳಿದವರ ಭಾಷೆಯಲ್ಲೇ ಓದಿ ಬೆಳೆದ ತಲೆಮಾರಿಗೆ ಸ್ವಂತ ನಾಡಿನ ಕಥೆ ಬರೆಯಲೂ ಅದೇ ಒದಗಿತು.

ಡಚ್ಚರು ಇಂದಿನ ತೈನಾನ್‌ನಲ್ಲಿ ನೆಲೆಯೂರಿದ್ದು 1624ರಲ್ಲಿ. ಅಲ್ಲಿಂದ ಎಣಿಸಿದರೆ ಪುಸ್ತಕ ಬಂದಾಗ 338 ವರ್ಷವಷ್ಟೇ ಆಗಿತ್ತು. ಆದರೆ ಸು ಬೆಂಗ್‌ಗೆ ಬೇಕಿದ್ದುದು ಕರಾರುವಾಕ್ಕಾದ ಲೆಕ್ಕವಲ್ಲ, ಐದು ಸಾವಿರ ವರ್ಷಗಳ ಚೀನೀ ನಾಗರಿಕತೆಯ ಎದುರು ನಿಲ್ಲಿಸಬಲ್ಲ ಬೇರೊಂದು ಕಾಲಮಾನ. ಡಚ್ಚರು, ಅವರನ್ನು ಹೊರಗಟ್ಟಿದ ಕೊಕ್ಸಿಂಗನ ವಂಶ, ಚಿಂಗ್ ಸಾಮ್ರಾಜ್ಯ, 1895ರಿಂದ ಜಪಾನ್, 1945ರಿಂದ ಚಿಯಾಂಗ್‌ನ ಕುವೊಮಿಂಟಾಂಗ್ ಪಕ್ಷ – ಈ ಕಥನದಲ್ಲಿ ಎಲ್ಲರೂ ಹೊರಗಿನಿಂದ ಬಂದು ಆಳಿದವರೇ. ಚೀನೀ ರಾಷ್ಟ್ರೀಯವಾದಿಗಳು 'ಮರಳಿ ಪಡೆದದ್ದು' ಎನ್ನುವ 1945, ಇಲ್ಲಿ ಮತ್ತೊಂದು ಕೈಬದಲಾವಣೆ.

ಈ ವಾದಕ್ಕೆ ರಕ್ತಮಾಂಸ ತುಂಬಿದ್ದು 1947. ಫೆಬ್ರುವರಿ 27ರ ಸಂಜೆ ತೈಪೆಯ ಬೀದಿಯಲ್ಲಿ ಕಳ್ಳ ಸಿಗರೇಟು ಮಾರುತ್ತಿದ್ದ ಲಿನ್ ಚಿಯಾಂಗ್-ಮೈ ಎಂಬ ವಿಧವೆಯ ತಲೆಗೆ ತಂಬಾಕು ಇಲಾಖೆಯವನೊಬ್ಬ ಪಿಸ್ತೂಲಿನ ಹಿಡಿಯಿಂದ ಹೊಡೆದ. ಮರುದಿನ ಊರೇ ದಂಗೆಯೆದ್ದಿತು. ಮಾರ್ಚ್‌ನಲ್ಲಿ ಚೀನಾದಿಂದ ಬಂದಿಳಿದ ಸೈನ್ಯ ಸಾವಿರಾರು ಜನರನ್ನು ಕೊಂದಿತು. 1949ರಲ್ಲಿ ಹೇರಿದ ಸೈನಿಕ ಕಾನೂನು 1987ರವರೆಗೆ ತೆರವಾಗಲಿಲ್ಲ.

ಸಾರ್ವಭೌಮತ್ವದ ಪ್ರಶ್ನೆಯಲ್ಲಿ ತೈವಾನ್ ರಾಷ್ಟ್ರೀಯವಾದಿಗಳ ಮುಖ್ಯ ಆಧಾರ ಒಂದು ಮೌನ. 1951ರ ಸ್ಯಾನ್ ಫ್ರಾನ್ಸಿಸ್ಕೊ ಒಪ್ಪಂದದ ಎರಡನೇ ವಿಧಿಯಲ್ಲಿ ಜಪಾನ್ ತೈವಾನ್ ಮೇಲಿನ ಹಕ್ಕನ್ನು ಬಿಟ್ಟುಕೊಡುತ್ತದೆ. ಯಾರಿಗೆ ಎಂದು ಅಲ್ಲಿ ಬರೆದಿಲ್ಲ. ಇದು ಕೈತಪ್ಪಲ್ಲ: ಬ್ರಿಟನ್ ಬೀಜಿಂಗ್‌ನ ಕಮ್ಯುನಿಸ್ಟ್ ಸರ್ಕಾರಕ್ಕೆ, ಅಮೆರಿಕ ತೈಪೆಗೆ ಸರಿದಿದ್ದ ಕುವೊಮಿಂಟಾಂಗ್ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿದ್ದರಿಂದ ಎರಡೂ ಚೀನೀ ಸರ್ಕಾರಗಳನ್ನು ಸಮ್ಮೇಳನದಿಂದ ಹೊರಗಿಟ್ಟಿದ್ದರು. ತೈವಾನ್ ಚೀನಾಕ್ಕೆ ಸೇರಬೇಕೆಂದು ಆಗ ವಾದಿಸಿದವರಲ್ಲಿ ಭಾರತವೂ ಒಂದು. ನಮ್ಮ ಸರ್ಕಾರ ಆ ಸಮ್ಮೇಳನಕ್ಕೆ ಹೋಗದೆ, 1952ರ ಜೂನ್‌ನಲ್ಲಿ ಜಪಾನಿನೊಡನೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡಿತು. 1943ರ ಕೈರೋ ಘೋಷಣೆಯಲ್ಲೇ ತೈವಾನ್ ಚೀನಾ ಗಣರಾಜ್ಯಕ್ಕೆ ಮರಳಬೇಕೆಂದಿತ್ತಲ್ಲ ಎಂದು ಎದುರಾಳಿಗಳು ಕೇಳಿದರೆ, ಅದು ಯುದ್ಧಕಾಲದ ಹೇಳಿಕೆ, ಭೂಮಿ ಹಸ್ತಾಂತರಿಸುವ ಪತ್ರವಲ್ಲ ಎಂಬುದು ರಾಷ್ಟ್ರೀಯವಾದಿಗಳ ಉತ್ತರ.

ನನಗೆ ಈ ವಾದ ಅರ್ಧ ದಾರಿಯವರೆಗೆ ಮಾತ್ರ ಸರಿ ಎನಿಸುತ್ತದೆ. ಪತ್ರದಲ್ಲಿ ಖರೀದಿದಾರನ ಹೆಸರಿಲ್ಲ ಎಂದ ಮಾತ್ರಕ್ಕೆ ಆಸ್ತಿ ಬಾಡಿಗೆದಾರನದಾಗುವುದಿಲ್ಲ. ಈ ಕೊರತೆಯನ್ನು ತುಂಬಲು ಹೊರಟದ್ದು 1964ರಲ್ಲಿ ಕಾನೂನು ಪ್ರಾಧ್ಯಾಪಕ ಪೆಂಗ್ ಮಿಂಗ್-ಮಿನ್ ಇಬ್ಬರು ಶಿಷ್ಯರೊಡನೆ ಗುಟ್ಟಾಗಿ ಅಚ್ಚು ಹಾಕಿಸಿದ ಘೋಷಣೆ. ಚೀನಾವನ್ನು ಮರಳಿ ಗೆಲ್ಲುವ ಕುವೊಮಿಂಟಾಂಗ್‌ನ ಗುರಿ ಆಗದ ಮಾತು, ಯಾವ ಪ್ರಾಂತ್ಯದಿಂದ ಬಂದವರೆಂದು ನೋಡದೆ ಒಂದು ಕೋಟಿ ಇಪ್ಪತ್ತು ಲಕ್ಷ ಜನ ಒಂದಾಗಲಿ ಎಂದಿತು ಅದು. ಹಕ್ಕಿನ ಬೇರು ಹಳೆಯ ಪತ್ರಗಳಿಂದ ಈಗ ಬಾಳುತ್ತಿರುವ ಜನರಿಗೆ ಸರಿದದ್ದು ಇಲ್ಲಿ. ಪ್ರತಿಗಳು ಹಂಚಿಕೆಯಾಗುವ ಮೊದಲೇ ಪೊಲೀಸರ ಕೈಸೇರಿದವು, ಮೂವರೂ ಸೆರೆಯಾದರು.

ಇಷ್ಟಾದರೂ ನಾಲ್ಕುನೂರರ ಎಣಿಕೆ ಸಾವಿರಾರು ವರ್ಷಗಳಿಂದ ಅಲ್ಲಿದ್ದ ಮೂಲನಿವಾಸಿಗಳನ್ನು ಪೀಠಿಕೆಗೆ ತಳ್ಳಿತು. ಡಚ್ ಪಾದ್ರಿಗಳು ತೈನಾನ್ ಸುತ್ತಲಿನ ಸಿರಾಯ ಜನರ ನುಡಿಗೆ ರೋಮನ್ ಅಕ್ಷರ ಹೊಂದಿಸಿದರು. 1662ರಲ್ಲಿ ಡಚ್ಚರು ಹೋದರೂ ಅಕ್ಷರ ಉಳಿಯಿತು. ಮುಂದಿನ ಒಂದೂವರೆ ಶತಮಾನ ಸಿರಾಯರು ಅದರಲ್ಲೇ ಜಮೀನು ಪತ್ರ ಬರೆದುಕೊಂಡರು, ಕೆಲವು ಪತ್ರಗಳಲ್ಲಿ ಪಕ್ಕದಲ್ಲೇ ಚೀನೀ ಬರಹವೂ ಇದೆ. ಅವುಗಳಲ್ಲಿ ಕೊಡುವವರ ಹೆಸರೂ ಇದೆ, ಪಡೆಯುವವರ ಹೆಸರೂ ಇದೆ. ಅದೇ ಸಿರಾಯರು ತಮ್ಮನ್ನು ಮೂಲನಿವಾಸಿಗಳೆಂದು ಒಪ್ಪಿಸಿಕೊಳ್ಳಲು ತೈವಾನಿನ ಸಂವಿಧಾನ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ತೀರ್ಪು ಅವರ ಪರವಾಗಿ ಬಂದದ್ದು 2022ರಲ್ಲಿ.