ಶಿಕಾರಿಪುರದ ಬಯಲಲ್ಲಿ ಕ್ಯಾಮೆರಾ ಹಿಡಿದು ಒಂದು ದಿನ

ಸೆಪ್ಟೆಂಬರ್ ಕೊನೆಯ ಭಾನುವಾರ. ಬೆಳಗ್ಗೆ ಆರೂಕಾಲಿಗೆ ಈಸೂರಿನ ಹೊರಗಿನ ಕೆರೆ ಏರಿ ಮೇಲೆ ನಿಂತಿದ್ದೆವು. ಮೂವರು, ಎರಡು ಬೈಕು, ಸಾಲ ತಂದ ಒಂದು ಕ್ಯಾಮೆರಾ. ಹಿಂದಿನ ರಾತ್ರಿ ಮಳೆ ಬಂದಿತ್ತು. ಮೆಕ್ಕೆಜೋಳದ ಹೊಲದಿಂದ ನವಿಲು ಕೂಗುತ್ತಿತ್ತು, ಕಾಣುತ್ತಿರಲಿಲ್ಲ.

ಎಮ್ಮೆ ಹೊಡೆದುಕೊಂಡು ಬಂದ ಅಜ್ಜ ಒಬ್ಬರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಯಾವ ಡಿಪಾರ್ಟ್‌ಮೆಂಟಪ್ಪಾ? ಸರ್ವೆಯೋರಾ?" ಅಂದರು. "ಇಲ್ಲ ಅಜ್ಜಾ, ಹಕ್ಕಿ ಫೋಟೋ ತೆಗಿಯೋಕೆ ಬಂದೀವಿ" ಅಂದೆವು. "ಹಕ್ಕಿ ಫೋಟೋನಾ!" ಎಂದು ನಕ್ಕು ಮುಂದೆ ಹೋದರು. ಆದರೆ ಏರಿ ಇಳಿಯುವ ತನಕ ಎರಡು ಸಲ ತಿರುಗಿ ನೋಡಿದರು.

ಈ ಊರಲ್ಲಿ ಆ ಪ್ರಶ್ನೆ ಹೊಸದಲ್ಲ. 1942ರಲ್ಲಿ ಇದೇ ಈಸೂರಿನವರು, ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಒಳಗೆ ಪ್ರವೇಶವಿಲ್ಲ ಎಂದು ಊರ ಬಾಗಿಲಲ್ಲಿ ಬೋರ್ಡು ಹಾಕಿದ್ದರು. ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಹಾರಿಸಿ, ಕಂದಾಯ ಕೊಡುವುದಿಲ್ಲ ಎಂದು ಹೇಳಿ, ಹುಡುಗರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡರು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಅನ್ನುವ ಮಾತು ನಮ್ಮ ಜಿಲ್ಲೆಯ ಮಕ್ಕಳಿಗೂ ಗೊತ್ತು. ಸೆಪ್ಟೆಂಬರ್ 28ರಂದು ಅಮಲ್ದಾರರು ಪೊಲೀಸರ ಜೊತೆ ಊರಿಗೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಜನ ಪಟ್ಟು ಹಿಡಿದರು, ಗುಂಡು ಹಾರಿತು, ಗಲಾಟೆಯಲ್ಲಿ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರೂ ಸತ್ತರು. ಆಮೇಲೆ ಸೈನ್ಯ ಬಂತು. ಮನೆಗಳು ಲೂಟಿಯಾದವು, ಸುಟ್ಟವು. ಊರು ಖಾಲಿಯಾಗಿ ಜನ ಕಾಡು ಸೇರಿದರು.

ನಾವು ಅವತ್ತು ಹಕ್ಕಿ ಹುಡುಕುತ್ತಾ ಸುತ್ತಿದ್ದು ಆ ಕಾಡಿನಲ್ಲಿ ಉಳಿದಿರುವಷ್ಟರಲ್ಲಿ. ಬಹಳ ಉಳಿದಿಲ್ಲ. ಒಂದಷ್ಟು ಕುರುಚಲು, ನಡುವೆ ಅಕೇಶಿಯಾ ಮತ್ತು ನೀಲಗಿರಿ ತೋಪು, ಅದರಾಚೆ ಮತ್ತೆ ಜೋಳ. ಅಕೇಶಿಯಾ ಕೆಳಗೆ ಹುಲ್ಲೂ ಸರಿಯಾಗಿ ಬೆಳೆಯುವುದಿಲ್ಲ, ಹಕ್ಕಿಯೂ ಕಡಿಮೆ. ಕುರುಚಲಿಗೆ ಕಾಲಿಟ್ಟ ಕೂಡಲೇ ಟಿಟ್ಟಿಭ ಎದ್ದು ತಲೆ ಮೇಲೆ ಸುತ್ತುತ್ತಾ ಕಿರುಚತೊಡಗಿತು. ಅದು ಕೂಗಿದರೆ ಸುತ್ತಲಿನ ಪ್ರಾಣಿಗಳಿಗೆಲ್ಲ ಯಾರೋ ಬಂದರೆಂದು ಗೊತ್ತಾಗುತ್ತದೆ. ಪೊದೆ ಪಕ್ಕ ಕೂತು ಅದು ಸುಮ್ಮನಾಗಲಿ ಎಂದು ಕಾಯುವಾಗ ನಮಗೆ ಒಂದು ಯೋಚನೆ ಬಂತು. ಕೂಸು ಕಟ್ಟಿಕೊಂಡು ಇಂಥ ಪೊದೆಯಲ್ಲಿ ಅಡಗಿದ್ದವರು ಈ ಕೂಗನ್ನು ಹೇಗೆ ಕೇಳಿರಬೇಕು? ಪೊಲೀಸರು ಬಂದರೆ ಮೊದಲು ತಿಳಿಸುವುದು ಇದೇ ಹಕ್ಕಿ. ತಾವು ಜಾಗ ಬದಲಿಸಿದರೆ ಸುಳಿವು ಕೊಡುವುದೂ ಇದೇ. ಇದು ನಮ್ಮ ಊಹೆ ಮಾತ್ರ, ಯಾರೂ ಹೇಳಿದ್ದಲ್ಲ.

ಅರ್ಧ ಗಂಟೆ ಕೂತರೂ ಟಿಟ್ಟಿಭ ಸುಮ್ಮನಾಗಲಿಲ್ಲ. ಅದರದ್ದೇ ನಾಲ್ಕು ಫೋಟೋ ತೆಗೆದು ಎದ್ದೆವು.

ಶಿಕಾರಿಪುರ ಅನ್ನುವ ಹೆಸರನ್ನೇ ನೋಡಿ. ಹಳೆಯ ಗೆಜೆಟಿಯರ್ ಪ್ರಕಾರ ಇದು ಮೊದಲು ಮಳಿಯನಹಳ್ಳಿ. ಕೆಳದಿ ಅರಸರ ಕಾಲದಲ್ಲಿ ಮಹಾದಾನಪುರವಾಯಿತು. ಸುತ್ತಲೂ ಬೇಟೆ ಪ್ರಾಣಿಗಳು ಹೇರಳವಾಗಿದ್ದರಿಂದ ಹೈದರ್ ಅಥವಾ ಟಿಪ್ಪು ಕಾಲದಲ್ಲಿ ಶಿಕಾರಿಪುರವಾಯಿತು. ದಾನದ ಹೆಸರು ಹೋಗಿ ಬೇಟೆಯ ಹೆಸರು ಬಂತು. ನಮ್ಮ ಕಡೆ ಶಿಕಾರಿ ಅನ್ನುವುದು ಬರೀ ರಾಜರ ಆಟವೂ ಆಗಿರಲಿಲ್ಲ. ಹಂದಿ ಬೇಟೆಗೆ ಊರಿಗೆ ಊರೇ ಹೋಗುತ್ತಿತ್ತು, ಪಾಲು ಹಂಚುವುದಕ್ಕೂ ಒಂದು ಲೆಕ್ಕವಿತ್ತು. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆ ಮತ್ತು ಮೀನಿನ ಬಗ್ಗೆ ಕಾನೂನು ಮಾಡಿತ್ತು, ಆದರೆ ಕೋವಿ ನಿಜವಾಗಿ ಗೋಡೆಗೆ ಒರಗಿದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ. ಪೂರ್ತಿ ಒರಗಿತು ಅಂತ ನಾವು ಹೇಳುವುದಿಲ್ಲ. ಉರುಲು ಹಾಕುವವರು ಇವತ್ತೂ ಇದ್ದಾರೆ, ನಿಮಗೂ ಗೊತ್ತು.

ಹಕ್ಕಿಯನ್ನು ಓದುವುದಕ್ಕೂ ಆಗ ಕೋವಿಯೇ ಬೇಕಿತ್ತು. ಸಲೀಂ ಅಲಿ ಅವರು 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಹೊಡೆದು, ಚರ್ಮ ಬಿಡಿಸಿ, ಅಳತೆ ಬರೆದು, ಚೀಟಿ ಕಟ್ಟಿ ಇಡುವುದು ಆ ಕಾಲದ ಶಾಸ್ತ್ರ. ಆ ಸಮೀಕ್ಷೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಾಗಿ ಅಚ್ಚಾಗಿದ್ದು 1942-43ರಲ್ಲಿ. ವರ್ಷ ಗಮನಿಸಿ. ಅತ್ತ ಬೊಂಬಾಯಿಯಲ್ಲಿ ಮೈಸೂರಿನ ಹಕ್ಕಿಗಳ ಪಟ್ಟಿ ಅಚ್ಚಾಗುತ್ತಿದ್ದಾಗ ಇತ್ತ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಈಸೂರಿನ ಐವರು ನೇಣಿಗೇರಿದರು. ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡಕಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ. 1943ರ ಮಾರ್ಚ್ ತಿಂಗಳು. ಹೆಂಗಸರಿಗೂ ಜೀವಾವಧಿ ಶಿಕ್ಷೆಯಾಯಿತು. ಆ ಜೈಲಿನ ಜಾಗವೇ ಈಗಿನ ಫ್ರೀಡಂ ಪಾರ್ಕ್.

ಕನ್ನಡದಲ್ಲಿ ಕೋವಿಯಿಂದ ಕ್ಯಾಮೆರಾಕ್ಕೆ ಬಂದವರು ಅಂದರೆ ನಮಗೆ ಮೊದಲು ನೆನಪಾಗುವುದು ತೇಜಸ್ವಿ. ನಮ್ಮದೇ ಜಿಲ್ಲೆಯ ಕುಪ್ಪಳಿಯವರು, ಮೂಡಿಗೆರೆಯಲ್ಲಿ ತೋಟ ಮಾಡಿದವರು. ಅವರೂ ಮೊದಲು ಶಿಕಾರಿ ಅಂತ ಕಾಡು ಸುತ್ತಿದವರೇ. ಆಮೇಲೆ ಹಕ್ಕಿಯ ಒಂದೊಂದು ಚಿತ್ರಕ್ಕೂ ತಾಸುಗಟ್ಟಲೆ ಕಾದು ಕೂತರು, ಆ ಚಿತ್ರಗಳ ಜೊತೆ ಕನ್ನಡ ಹೆಸರುಗಳನ್ನೂ ಕೊಟ್ಟರು. ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಕಾಡಿನ ಚಿತ್ರಗಾರರೂ ಹೌದು. ಆಗ ಫಿಲ್ಮ್ ಕಾಲ. ಒಂದು ರೋಲಿಗೆ 36 ಚಿತ್ರ. ನಾವು ಅವತ್ತು ಮಧ್ಯಾಹ್ನದೊಳಗೆ 400 ತೆಗೆದಿದ್ದೆವು, ಅದರಲ್ಲಿ ನೋಡುವಂಥದ್ದು ಹತ್ತು.

ಶಿರಾಳಕೊಪ್ಪದಲ್ಲಿ ಊಟ ಮಾಡಿ ಬಳ್ಳಿಗಾವಿಗೆ ಹೋದೆವು. ಅಲ್ಲಿನ ಗಂಡಭೇರುಂಡ ಕಂಬದ ಚಿತ್ರ ಬೇಕಿತ್ತು. 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ್ದು, ಸುಮಾರು 30 ಅಡಿ ಎತ್ತರ. ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಇದೇ ಭೇರುಂಡ ಮುಂದೆ ಮೈಸೂರು ಅರಸರ ಲಾಂಛನವಾಗಿ, ಈಗ ಸರ್ಕಾರಿ ಕಾಗದದ ಮೇಲೆಲ್ಲ ಕೂತಿದೆ. ಯಾವ ಕಾಡಲ್ಲೂ ಇಲ್ಲದ ಹಕ್ಕಿಗೆ ಇಷ್ಟು ಮರ್ಯಾದೆ ಸಿಕ್ಕಿದೆ. ಅವತ್ತು ಅಲುಗಾಡದೆ ನಮಗೆ ಪೋಸು ಕೊಟ್ಟಿದ್ದು ಅದೊಂದೇ.

ಸಂಜೆ ಸೊರಬ ದಾಟಿ ಗುಡವಿ. ಮುಕ್ಕಾಲು ಚದರ ಕಿಲೋಮೀಟರಿನಷ್ಟು ಜಾಗ, 1989ರಲ್ಲಿ ಪಕ್ಷಿಧಾಮವಾಯಿತು. ನೀರಲ್ಲಿ ನಿಂತ ಮರಗಳ ಮೇಲೆ ಬಿಳಿ ಕೆಂಬರಲು, ನೀರುಕಾಗೆ, ಬೆಳ್ಳಕ್ಕಿ. ಕೆಂಬರಲಿನ ಕರೀ ತಲೆಗೆ ಪುಕ್ಕವಿಲ್ಲ, ಕೊಕ್ಕು ಕುಡುಗೋಲಿನ ಹಾಗೆ ಬಾಗಿದೆ. ಮೇವಿಗೆ ಅವು ಹೋಗುವುದು ಸುತ್ತಲಿನ ಗದ್ದೆಗಳಿಗೇ. ಗದ್ದೆ ಕೆಸರಿನ ಹುಳ, ಕಪ್ಪೆ, ಏಡಿ ತಿಂದು ಬಂದು ಇಲ್ಲಿ ಮರಿಗಳ ಬಾಯಿಗೆ ಹಾಕುತ್ತವೆ. ಅಂದರೆ ಪಕ್ಷಿಧಾಮದ ಬೇಲಿ ಒಳಗೆ ಇರುವುದು ಹಕ್ಕಿಯ ಮನೆ ಮಾತ್ರ. ಊಟವೆಲ್ಲ ರೈತರ ಗದ್ದೆಯಲ್ಲಿ. ಭತ್ತದ ಗದ್ದೆ ಅಡಿಕೆ ತೋಟವಾದಷ್ಟೂ ಅವುಗಳ ತಟ್ಟೆ ಸಣ್ಣದಾಗುತ್ತದೆ. ಹಾಗಂತ ಅಡಿಕೆ ಹಾಕಬೇಡಿ ಎಂದು ನಿಮಗೆ ಹೇಳುವ ಮುಖ ನಮಗಿಲ್ಲ. ಭತ್ತ ಬೆಳೆದು ಎಷ್ಟು ಉಳಿಯುತ್ತದೆ ಎಂಬುದನ್ನು ನಮ್ಮ ಮನೆಗಳಲ್ಲೂ ನೋಡಿದ್ದೇವೆ.

ಒಂದು ತಪ್ಪು ಒಪ್ಪಿಕೊಳ್ಳುವುದಿದೆ. ಹೋದ ವರ್ಷ ದೀಪಾವಳಿಗೆ ಮುಂಚೆ ಒಂದು ಗೂಬೆ ಜೋಡಿಯ ಚಿತ್ರ ಹಾಕಿದ್ದೆವು. ಮರದ ಪೊಟರೆ, ಹಿಂದೆ ಗುಡಿ, ಕೆಳಗೆ ಊರಿನ ಹೆಸರು, ಎಲ್ಲವೂ ಇತ್ತು. ಲೈಕು ಬಹಳ ಬಂದವು. ಹತ್ತು ದಿನದ ಮೇಲೆ ಅದೇ ದಾರಿಯಲ್ಲಿ ಹೋದಾಗ ಪೊಟರೆಯ ಬಾಯಿಯನ್ನು ಕೊಡಲಿಯಿಂದ ಅಗಲ ಮಾಡಿದ್ದರು. ಗೂಬೆಗಳಿರಲಿಲ್ಲ. ನಿಧಿ, ಮಾಟ ಎಂದು ಹಬ್ಬದ ಹೊತ್ತಿಗೆ ಗೂಬೆಗೆ ಗಿರಾಕಿ ಇರುತ್ತಾರೆ ಅನ್ನುವುದು ಸುದ್ದಿ ಬರೆಯುವ ನಮಗೆ ಗೊತ್ತಿರಬೇಕಿತ್ತು. ದಾರಿ ತೋರಿಸಿದವರು ನಾವೇ ಇರಬಹುದು.

ಅದಕ್ಕೇ ಈ ಸಲದ ಚಿತ್ರಗಳಲ್ಲಿ ಗುಡವಿ, ಬಳ್ಳಿಗಾವಿ ಬಿಟ್ಟು ಬೇರೆ ಜಾಗದ ಹೆಸರಿಲ್ಲ. ಮೊಬೈಲಿನಲ್ಲಿ ತೆಗೆದ ಚಿತ್ರದ ಒಳಗೂ ಜಾಗದ ವಿವರ ಕೂತಿರುತ್ತದೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿ. ಗೂಡಿನ ಹತ್ತಿರ ಹೋಗಬೇಡಿ. ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯಬೇಡಿ, ಅದು ಗೂಡು ಬಿಟ್ಟು ಜಗಳಕ್ಕೆಂದು ಬರುತ್ತದೆ. ನವಿಲು ಅಟ್ಟಿಸಿಕೊಂಡು ಹೋಗಿ ರೀಲ್ಸ್ ಮಾಡುವ ತಮ್ಮಂದಿರಿಗೂ ಇದೇ ಮಾತು.

ಬೆಳಗ್ಗೆ ಏರಿ ಮೇಲೆ ಸಿಕ್ಕ ಅಜ್ಜ ನಾವು ಹೊರಡುವಾಗ ಮತ್ತೆ ಸಿಕ್ಕಿದ್ದರು. ಚಿತ್ರ ತೋರಿಸಿ ಅಂದರು. ಕ್ಯಾಮೆರಾದ ಸಣ್ಣ ಪರದೆಯಲ್ಲಿ ಟಿಟ್ಟಿಭ ನೋಡಿ, "ಇದಾ? ಇದು ದಿನಾ ಬಯ್ಯೋ ಹಕ್ಕಿ" ಅಂದರು. ಎಮ್ಮೆಗಳು ಆಗಲೇ ನೀರಿಗೆ ಇಳಿದಿದ್ದವು. ಅವುಗಳ ಬೆನ್ನ ಮೇಲೆ ಎರಡು ಬೆಳ್ಳಕ್ಕಿ ಕೂತಿದ್ದವು, ನಮ್ಮ ಬ್ಯಾಟರಿ ಮುಗಿಯುತ್ತಾ ಬಂದಿತ್ತು.