ಕಾಳಿಯ ಹೆಸರು ಉಳಿದ ಬಗೆ

ಮುಖ ನೆನಪಿರುತ್ತದೆ, ಹೆಸರು ಮಾತ್ರ ನಾಲಿಗೆಗೆ ಬರುವುದಿಲ್ಲ ಎಂಬುದು ನಮ್ಮೆಲ್ಲರ ದೂರು. ಆದರೆ ಸಾವಿರ ವರ್ಷಗಳ ಹಿಂದೆ ಸತ್ತ ಬೇಟೆನಾಯಿಯೊಂದರ ಹೆಸರು ಕನ್ನಡನಾಡಿಗೆ ಇಂದಿಗೂ ಗೊತ್ತು. ಅದರ ಹೆಸರು ಕಾಳಿ.

ಕ್ರಿ.ಶ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಕಾಳಗ ನಡೆಯಿತು. ಚೆನ್ನೈ ಕೇಳುಗರಿಗೆ ಇದು ದೂರದ ಊರಲ್ಲ, ಅರಕ್ಕೋಣದ ಬಳಿಯೇ ಇದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಕಾದಿದ ಗಂಗರ ಬೂತುಗ ಅಲ್ಲಿ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಕಡೆಯ ವೀರ ಮಣಲೇರ. ಅವನ ಪರಾಕ್ರಮಕ್ಕೆ ಮೆಚ್ಚಿ, ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿಯನ್ನು! ಮುಂದೆ ಬೇಟೆಯಲ್ಲಿ ದೊಡ್ಡ ಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟರು. ಎರಡೂ ಕಾದಾಡಿ ಸತ್ತವು.

ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, ಚಲ್ಲೇಶ್ವರ ದೇವಾಲಯದ ಮುಂದೆ, ಕಾಳಿಗಾಗಿ ಕಲ್ಲು ನಿಲ್ಲಿಸಿದರು. ನಾಯಿ ಹಂದಿಗಳ ಹೋರಾಟವನ್ನು ಕೆತ್ತಿಸಿ, ಸುತ್ತ ಕಥೆ ಬರೆಸಿದರು. ಅಷ್ಟಕ್ಕೇ ಬಿಡಲಿಲ್ಲ. ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟರು. ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ತಟ್ಟುತ್ತದೆಂದು ದೇವಾಲಯದ ಗೊರವನಿಗೆ ಶಾಸನದಲ್ಲೇ ಕಟ್ಟು ಹಾಕಿದರು.

ಇಲ್ಲಿರುವುದು ನೆನಪಿನ ಒಂದು ವ್ಯವಸ್ಥೆ. ಕಲ್ಲಿನ ಮೇಲೆ ಬರೆದರೆ ಹೆಸರು ಇರುತ್ತದೆ, ನಿಜ. ಆದರೆ ದಿನವೂ ಯಾರಾದರೂ ಅದರ ಮುಂದೆ ನಿಂತರೆ ಮಾತ್ರ ಅದು ಜನರ ಬಾಯಲ್ಲಿರುತ್ತದೆ. ಹಿರಿಯರು ನೆನಪನ್ನು ತಲೆಯ ಮೇಲೆ ಹೊರಿಸಲಿಲ್ಲ, ಊಟದ ಹೊತ್ತಿಗೆ ಕಟ್ಟಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಬೇಗೂರಿನ ವೀರಗಲ್ಲು ಇನ್ನೂ ಹಳೆಯದು, ಸುಮಾರು ಕ್ರಿ.ಶ. 890ರದು. ಬೆಂಗಳೂರಿನ ಕಾಳಗದಲ್ಲಿ ಮಡಿದ, ನಾಗತ್ತರನೆಂಬ ಅಧಿಕಾರಿಯ ಮನೆಯಾಳು ಪೆರ್ವೊಣಸೆಟ್ಟಿಯ ಹೆಸರು ಅದರಲ್ಲಿದೆ. 'ಬೆಂಗಳೂರು' ಎಂಬ ಹೆಸರಿಗೆ ನಮಗೆ ಸಿಕ್ಕಿರುವ ಅತಿ ಹಳೆಯ ಸಾಕ್ಷಿಯೂ ಇದೇ. ಮಹಾನಗರದ ಹೆಸರು ಒಬ್ಬ ಸೇವಕನ ಹೆಸರಿನ ಜೊತೆಗೇ ಉಳಿದು ಬಂತು! ಆಳಿನ ಹೆಸರೇಕೆ ಎಂದು ಅಂದಿನವರು ಕೈಬಿಟ್ಟಿದ್ದರೆ, ಆ ಸಾಕ್ಷಿಯೂ ಅರ್ಧವಾಗುತ್ತಿತ್ತು.

ಪರಊರಿನಲ್ಲಿ ನಮ್ಮ ಹೆಸರನ್ನು ಯಾರಾದರೂ ಸರಿಯಾಗಿ ಕರೆದರೆ ಎಷ್ಟು ಹಿಗ್ಗುತ್ತೇವೆ! ಹಾಗಾದರೆ ದಿನವೂ ಗೇಟು ತೆಗೆಯುವವರ, ಹಾಲು ತರುವವರ ಹೆಸರೇನು? ಗೊತ್ತಿಲ್ಲದಿದ್ದರೆ ನಾಳೆ ಕೇಳಿ. ಆಮೇಲೆ ದಿನಕ್ಕೊಮ್ಮೆ, ಉಣ್ಣುವ ಮೊದಲು, ಹೆಸರು ಹಿಡಿದು ಕರೆಯಿರಿ.