ಅಳತೆ ಅಂಗಿಯ ಚರಿತ್ರೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಡೆ ದರ್ಜಿಯ ಬಳಿ ಹೋಗುವವರು ಹೊಸ ಬಟ್ಟೆಯ ಜೊತೆ ಹಳೆಯ ಅಂಗಿಯೊಂದನ್ನೂ ಒಯ್ಯುವುದು ವಾಡಿಕೆ. ಮೈಗೆ ಸರಿಯಾಗಿ ಕೂತ, ತೊಟ್ಟು ತೊಟ್ಟು ಮೆತ್ತಗಾದ ಅಂಗಿ ಅದು. ‘ಇದರಂತೆಯೇ ಹೊಲಿಯಿರಿ’ ಎಂದರೆ ಸಾಕು. ಕನ್ನಡದಲ್ಲಿ ಅದು ಅಳತೆ ಅಂಗಿ. ಉರ್ದು ಮನೆಮಾತಿನವರಿಗೆ ಅಳತೆಯೆಂದರೆ ನಾಪ್.

ಹೊಲಿಗೆ ನಮ್ಮ ನಾಡಿಗೆ ಹೊರಗಿನಿಂದ ಬಂತು ಎನ್ನುವ ಮಾತೊಂದಿದೆ. ಆದರೆ ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದರು; ಹೆಸರೇ ಅವರ ಕಸುಬನ್ನು ಹೇಳುತ್ತದೆ. ಚಿಪ್ಪಿಗರು, ಸಿಂಪಿಗರು ತಲೆಮಾರುಗಳಿಂದ ಹೊಲಿದವರು. ಅವರ ಪಕ್ಕದಲ್ಲೇ ಮುಸ್ಲಿಂ ದರ್ಜಿಗಳೂ ಕೂತು ಹೊಲಿದರು. ಈ ಕೂಡುಬಾಳು ಪದಗಳಲ್ಲಿ ಉಳಿದಿದೆ. ದರ್ಜಿ, ಅಸ್ತರು ಪಾರಸಿಯವು. ಜೇಬು, ಜುಬ್ಬ ಅರಬ್ಬಿಯವು. ಗುಂಡಿ ತೂರುವ ಕಾಜ ಪೋರ್ಚುಗೀಸರದು. ಕಾಲರ್, ಕಫ್ ಇಂಗ್ಲಿಷಿನವು. ತೋಳು, ನೂಲು, ಹೊಲಿಗೆ ಅಚ್ಚಗನ್ನಡ. ಒಂದು ಅಂಗಡಿಯ ಮಾತಿನಲ್ಲಿ ಐದು ಭಾಷೆಗಳು! ಯಾವುದನ್ನು ಪರಕೀಯವೆಂದು ಬಿಚ್ಚಿ ತೆಗೆಯುವುದು?

ಹುಣಸೂರಿಗೆ ಸೈನ್ಯದ ನಂಟೂ ಇತ್ತು. 19ನೇ ಶತಮಾನದಲ್ಲಿ ಸರ್ಕಾರದ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ ಇಲ್ಲಿದ್ದವು. 1864ರಲ್ಲಿ ಅವು ಮುಚ್ಚಿದವು. ಕಾರ್ಖಾನೆ ಹೋದರೂ ಕಲಿತ ಕೈ ಉಳಿಯಿತು; ಬೂಟು, ಬೆನ್ನುಚೀಲ, ಕಂಬಳಿಗಳಿಗೆ ಊರು ಮುಂದೆಯೂ ಹೆಸರಾಯಿತು. ಅದೇ ವರ್ಷಗಳಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ (1861–65) ನಡೆದಿತ್ತು. ಅಷ್ಟೊಂದು ಸೈನಿಕರಿಗೆ ಒಬ್ಬೊಬ್ಬರ ಅಳತೆ ಹಿಡಿದು ಹೊಲಿಯುವುದು ಸಾಧ್ಯವಿರಲಿಲ್ಲ. ಮೈಗಳನ್ನು ಕೆಲವೇ ಸೈಜುಗಳಾಗಿ ವಿಂಗಡಿಸಲಾಯಿತು. ಯುದ್ಧದ ನಂತರ ಗಂಡಸರ ಸಿದ್ಧ ಉಡುಪಿನ ಉದ್ಯಮ ಬೆಳೆದದ್ದು ಆ ಅಳತೆಗಳ ಆಸರೆಯಲ್ಲಿ. ಸಮವಸ್ತ್ರದ ಲೆಕ್ಕ ಹೀಗೆ ಸಾಮಾನ್ಯರ ಮೈಗೂ ಬಂತು.

1851ರಲ್ಲಿ ಐಸಾಕ್ ಸಿಂಗರ್ ಪೇಟೆಂಟ್ ಪಡೆದ ಹೊಲಿಗೆ ಯಂತ್ರ ಆ ಶತಮಾನದ ಕೊನೆಯ ದಶಕಗಳಲ್ಲಿ ಭಾರತದಲ್ಲಿ ಮಾರಾಟವಾಗತೊಡಗಿತು. ಮುಂದೆ ದೇಶದಲ್ಲೇ ತಯಾರಾದ ಉಷಾ ಬಂತು. 1956ರ ಕಾನೂನು ಗಜವನ್ನು ಕಳಿಸಿ ಮೀಟರನ್ನು ತಂದಿತು. ಆದರೂ ದರ್ಜಿಯ ಕೊರಳ ಟೇಪು ಒಪ್ಪಲಿಲ್ಲ. ಬಟ್ಟೆ ಕೊಳ್ಳುವುದು ಮೀಟರಿನಲ್ಲಿ, ಮೈ ಅಳೆಯುವುದು ಇಂದಿಗೂ ಇಂಚಿನಲ್ಲಿ.

ಅಂಗಿಯನ್ನು ಅಳೆಯುವುದಕ್ಕೂ ಕ್ರಮವಿದೆ. ಗುಂಡಿಗಳನ್ನೆಲ್ಲ ಹಾಕಿ, ಸುಕ್ಕು ಬಿಡಿಸಿ, ಹಲಗೆಯ ಮೇಲೆ ಹರಡಬೇಕು, ಎಳೆಯಬಾರದು. ಒಂದು ಕಂಕುಳಿಂದ ಇನ್ನೊಂದಕ್ಕೆ ಅಳೆದು ಎರಡರಷ್ಟು ಮಾಡಿದರೆ ಎದೆಸುತ್ತು. ಬೆನ್ನ ಕಡೆ ಒಂದು ತೋಳಿನ ಹೊಲಿಗೆಯಿಂದ ಇನ್ನೊಂದರವರೆಗೆ ಭುಜ. ಅಲ್ಲಿಂದ ಕಫ್ಫಿನ ಅಂಚಿಗೆ ತೋಳು. ಕಾಲರನ್ನು ಬಿಚ್ಚಿ ಗುಂಡಿಯ ನಡುವಿನಿಂದ ಕಾಜದವರೆಗೆ ಅಳೆಯಬೇಕು. ಮೈಯ ಅಳತೆಗಾದರೆ ಉಸಿರಾಡಲು, ಕೈಯೆತ್ತಲು ಮೂರುನಾಲ್ಕು ಇಂಚು ಸಡಿಲ ಕೂಡಿಸುತ್ತಾರೆ. ಅಳತೆ ಅಂಗಿಯಲ್ಲಿ ಆ ಸಡಿಲ ಆಗಲೇ ಸೇರಿರುತ್ತದೆ. ಮತ್ತೆ ಕೂಡಿಸಿದರೆ ಅಂಗಿ ಜೋಲುತ್ತದೆ. ಹಳೆಯದು ಒಗೆತಗಳಲ್ಲಿ ಕುಗ್ಗಿ ಮುಗಿದಿರುತ್ತದೆ. ಹೊಸ ಹತ್ತಿಬಟ್ಟೆ ಇನ್ನೂ ಕುಗ್ಗಬೇಕು. ಅದಕ್ಕೇ ನೆನೆಸಿ ಒಣಗಿಸಿದ ಮೇಲೆಯೇ ಕತ್ತರಿ.

ಈ ವಾಡಿಕೆಗೆ ಇನ್ನೊಂದು ಗುಣವಿದೆ. ಹೆಂಗಸರು ಅಳತೆ ರವಿಕೆ ಕಳಿಸಿದರೆ ಪರಪುರುಷ ಮೈಮುಟ್ಟಬೇಕಾಗಿಲ್ಲ. ಇದು ಪರದೆಯ ಮನೆಗಳಿಗೆ ಮಾತ್ರ ಸೇರಿದ್ದಲ್ಲ, ಹಿಂದೂ ಮನೆಗಳ ಸಂಕೋಚವನ್ನೂ ಕಾಯ್ದಿದೆ. ದರ್ಜಿ ಒಂದು ಊರಿನ ಮೈಕಟ್ಟುಗಳನ್ನೆಲ್ಲ ಬಲ್ಲವನು. ಯಾರ ಭುಜ ಒಂದು ಕಡೆ ಇಳಿದಿದೆ, ಯಾರು ಸೊರಗಿದ್ದಾರೆ ಎಂಬುದು ಅವನಿಗೆ ಗೊತ್ತು, ಆದರೆ ಬಾಯಿಬಿಡುವುದಿಲ್ಲ. ಆ ಮೌನವೂ ಕಸುಬಿನ ಭಾಗವೇ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ನೆಲೆಸಿದ ಟಿಬೆಟನ್ನರೂ ತಮ್ಮ ಛುಬಾವನ್ನು ಬಿಡಲಿಲ್ಲ; ನಾಡು ಕಳೆದುಕೊಂಡವರಿಗೆ ಹೊಲಿಗೆಯೂ ಒಂದು ನೆನಪು.

ಇಂದು ಹೊಗೆಸೊಪ್ಪಿನ ಹರಾಜಿನ ಹಣ ಬಂದಾಗಲೂ, ರಂಜಾನ್, ಯುಗಾದಿಗೂ ಸಿದ್ಧ ಉಡುಪಿನ ಅಂಗಡಿ ಕೈಬೀಸಿ ಕರೆಯುತ್ತದೆ. ಅಗ್ಗ, ಕಾಯಬೇಕಿಲ್ಲ, ಬಡವನಿಗೆ ಅದು ಸಣ್ಣ ಅನುಕೂಲವಲ್ಲ. ಆದರೆ ಭಾರತೀಯರ ಮೈಗೆ ತಕ್ಕ ಸೈಜುಗಳಿಗಾಗಿ ಸಮೀಕ್ಷೆ ನಡೆಸುವುದಾಗಿ ನಿಫ್ಟ್ ಸಂಸ್ಥೆ ಪ್ರಕಟಿಸಿದ್ದು 2018ರಲ್ಲಿ. ಅಲ್ಲಿಯವರೆಗೆ ಪರದೇಶದ ಸೈಜುಗಳಿಗೆ ನಮ್ಮ ಮೈಯನ್ನು ಹೊಂದಿಸಿಕೊಂಡು ಬಂದಿದ್ದೆವು. ಸೊಂಟ ಬಾಗಿದ ಮುದುಕನಿಗೆ, ಒಂದು ತೋಳು ಗಿಡ್ಡಗಿರುವವನಿಗೆ ಲಾರ್ಜ್, ಮೀಡಿಯಂಗಳಲ್ಲಿ ಜಾಗವಿಲ್ಲ. ಅವರನ್ನು ಇದ್ದ ಹಾಗೆ ಒಪ್ಪಿ ಬಟ್ಟೆ ಕತ್ತರಿಸುವವನು ದರ್ಜಿ. ನಮ್ಮ ಬೀದಿಗಳಿಂದ ಅವನ ಯಂತ್ರದ ಸದ್ದು ಅಡಗಿದರೆ ಅಂಥವರು ಅಳತೆ ಅಂಗಿ ಹಿಡಿದು ಎಲ್ಲಿಗೆ ಹೋಗಬೇಕು?